ಎಲೆಹಾರ ಹೊಸೆಯುವ ಮೊದಲು ಎಲೆ ಫ್ರೀಜರಿಗೆ

ಹಿತ್ತಲಿನ ಮೂಲೆಯನ್ನು ಪೆಸಿಫಿಕ್ ಸಾಗರದ ದ್ವೀಪಗಳಾದ ಪಾಲಿನೇಷ್ಯಾದ ಮಾದರಿಯಲ್ಲಿ ಸಿಂಗರಿಸಲು ಹವಾಯಿಯ ಎಲೆಹಾರ ‘ಲೇಯ್’ ಹೊಸೆಯುವುದಿದ್ದರೆ, ಎಲೆಗಳನ್ನು ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿಡಿ. ಬೇಕಾದದ್ದು ಕಾರ್ಡಿಲೈನ್ ಗಿಡದ ಅಗಲವಾದ ಹಸಿರೆಲೆ. ಹವಾಯಿಯಲ್ಲಿ ಇದಕ್ಕೆ ‘ಕೀ’ ಎನ್ನುತ್ತಾರೆ, ಕೆಡುಕು ತಾಗದಿರಲೆಂದು ಮನೆಯ ಸುತ್ತ ನೆಡುತ್ತಾರೆ. ನಡುವಿನ ದಪ್ಪ ನರವನ್ನು ಸೀಳಿ ತೆಗೆದು, ಉಳಿದ ಎರಡು ಹೋಳುಗಳನ್ನು ಸುರುಳಿ ಸುತ್ತಿ ಚೀಲದಲ್ಲಿಟ್ಟರೆ ಸಾಕು. ಒಳಗಿನ ನೀರು ಹೆಪ್ಪುಗಟ್ಟಿ ಜೀವಕೋಶಗಳು ಒಡೆಯುತ್ತವೆ, ನಾರು ಹಾಗೆಯೇ ಉಳಿಯುತ್ತದೆ; ಕೆಂಡದ ಮೇಲೆ ಬಾಡಿಸಿದ ಬಾಳೆಎಲೆಯಂತೆ ಮೆತ್ತಗಾಗುವುದರಿಂದ ಎಷ್ಟು ತಿರುಚಿದರೂ ಸೀಳುವುದಿಲ್ಲ. ಮಂಜು ಕರಗಿದ ಮೇಲೆ ಒರೆಸಿ, ಎರಡೂ ಎಳೆಗಳನ್ನು ಒಂದೇ ದಿಕ್ಕಿಗೆ ತಿರುಚುತ್ತ, ಒಂದರ ಮೇಲೊಂದನ್ನು ಎದುರು ದಿಕ್ಕಿಗೆ ದಾಟಿಸುತ್ತ ಹೋಗಿ, ಹಗ್ಗ ಹೊಸೆದಂತೆಯೇ. ತೀರಾ ಎಳೆಯ ಎಲೆ, ಹಳದಿಗೆ ತಿರುಗಿದ ಎಲೆ ಇದಕ್ಕೆ ಒಗ್ಗುವುದಿಲ್ಲ, ಕೈಯಲ್ಲೇ ಹರಿಯುತ್ತವೆ. ಹೊರತೆಗೆದದ್ದನ್ನು ಅಂದೇ ಹೊಸೆಯಬೇಕು, ಮರುದಿನಕ್ಕಿಟ್ಟರೆ ಕಪ್ಪಾಗುತ್ತದೆ. ಹಾರ ಕ್ರಮೇಣ ಒಣಗಿ ಕಂದುಬಣ್ಣಕ್ಕೆ ತಿರುಗಿದರೂ ಹೊಸೆದ ಆಕಾರ ಹಾಗೆಯೇ ನಿಲ್ಲುತ್ತದೆ. ಪ್ಲಾಸ್ಟಿಕ್ ಹೂಮಾಲೆಗಿಂತ ನನಗೆ ಅದೇ ಚೆಂದ.