ಮನಿ ಆರ್ಡರ್ ಮಾಸಾಶನವನ್ನು ಆಧಾರ್ ಖಾತೆಗೆ ದಾಟಿಸುವುದು: ನನ್ನ ಅನುಭವ

ಉತ್ತರ ಕನ್ನಡದ ಕುಮಟಾ, ಅಂಕೋಲಾ, ಶಿರಸಿ ಕಡೆಯ ಹಿರಿಯರ ಮಾಸಾಶನದ ಕಾಗದಪತ್ರ ಮಾಡಿಕೊಡುವ ಕೆಲಸ ನನ್ನದು. ಪೋಸ್ಟ್‌ಮ್ಯಾನ್ ಕೈಯಲ್ಲಿ ಮನೆಗೆ ಬರುತ್ತಿದ್ದ ಹಣವನ್ನು ಆಧಾರ್ ಮೂಲಕ ಖಾತೆಗೆ ಬರುವಂತೆ ಮಾಡುವುದಕ್ಕೆ ಕಾಗದ ಹೆಚ್ಚೇನೂ ಬೇಡ. ಬೇಕಾದದ್ದು ಕ್ರಮ. ಮೊದಲು ಆಧಾರ್, ಆಮೇಲೆ ಬ್ಯಾಂಕ್, ಕೊನೆಗೆ ಕಚೇರಿ. ಇದು ಹಿಂದುಮುಂದಾದರೆ ತಿಂಗಳುಗಟ್ಟಲೆ ಹಣ ನಿಂತುಬಿಡುತ್ತದೆ. ವಿಧವಾ ವೇತನದ 800 ರೂಪಾಯಿ, 65 ತುಂಬಿದವರಿಗಿರುವ ಸಂಧ್ಯಾ ಸುರಕ್ಷಾದ 1200 ರೂಪಾಯಿ ನೋಡುವವರಿಗೆ ಸಣ್ಣ ಮೊತ್ತ. ಅದರಲ್ಲೇ ಬಿಪಿ ಮಾತ್ರೆ, ಸಾಬೂನು, ಬಸ್ಸು ಸಿಗದ ದಿನದ ಆಟೋ ಬಾಡಿಗೆ ಎಲ್ಲ ಹೊಂದಿಸುವವರಿಗೆ ಒಂದು ಕಂತು ತಪ್ಪಿದರೂ ಅಂಗಡಿಯಲ್ಲಿ ಸಾಲ ಏರುತ್ತದೆ.

ಹಳೆಯ ವ್ಯವಸ್ಥೆಯಲ್ಲಿ ವಿಳಾಸವೇ ಎಲ್ಲ. ತಹಶೀಲ್ದಾರರ ಮಂಜೂರಾತಿ, ಖಜಾನೆಯ ಬಿಲ್ಲು, ಅಂಚೆ ಕಚೇರಿ, ಅಲ್ಲಿಂದ ಮನೆಬಾಗಿಲು. ಮನೆ ಬದಲಿಸಿದರೆ, ಮಗಳ ಮನೆಗೆ ಹೋಗಿ ಕೂತರೆ ಹಣ ವಾಪಸು. ಹೊಸ ವ್ಯವಸ್ಥೆಯಲ್ಲಿ ವಿಳಾಸದ ಜಾಗಕ್ಕೆ ಆಧಾರ್ ಸಂಖ್ಯೆ ಬಂದಿದೆ. ಇಲ್ಲಿ ಬಹುತೇಕರು ಎಡವುವ ಸಂಗತಿಯೊಂದಿದೆ: ಸರ್ಕಾರ ಹಣ ಕಳಿಸುವುದು ನೀವು ಅರ್ಜಿಯಲ್ಲಿ ಬರೆದ ಖಾತೆ ಸಂಖ್ಯೆಗಲ್ಲ. ಎನ್‌ಪಿಸಿಐ ಎಂಬ ಸಂಸ್ಥೆ ಮ್ಯಾಪರ್ ಎಂದು ಒಂದು ಪಟ್ಟಿ ಇಟ್ಟಿದೆ. ಅದರಲ್ಲಿ ಒಂದು ಆಧಾರ್ ಸಂಖ್ಯೆಯ ಮುಂದೆ ಒಂದೇ ಬ್ಯಾಂಕಿನ ಗುರುತು ಇರುತ್ತದೆ. ಖಾತೆ ಸಂಖ್ಯೆ ಇರುವುದಿಲ್ಲ. ಹಣ ಆ ಬ್ಯಾಂಕಿಗೆ ಹೋಗುತ್ತದೆ, ಅಲ್ಲಿಂದ ಯಾವ ಖಾತೆಗೆ ಹಾಕಬೇಕೆಂಬುದನ್ನು ಆ ಬ್ಯಾಂಕು ತನ್ನ ದಾಖಲೆಯಲ್ಲಿರುವ ಆಧಾರ್ ನೋಡಿ ತೀರ್ಮಾನಿಸುತ್ತದೆ. ನಾಲ್ಕು ಬ್ಯಾಂಕಿನಲ್ಲಿ ಖಾತೆ ಇದ್ದು ನಾಲ್ಕಕ್ಕೂ ಆಧಾರ್ ಕೊಟ್ಟಿದ್ದರೂ ಮಾಸಾಶನ ಬರುವುದು ಮ್ಯಾಪರಿನಲ್ಲಿರುವ ಬ್ಯಾಂಕಿಗೆ ಮಾತ್ರ.

ಆದ್ದರಿಂದ ಬ್ಯಾಂಕ್ ಕೌಂಟರಿನಲ್ಲಿ ಕೇಳುವ ಪ್ರಶ್ನೆ ಸರಿ ಇರಬೇಕು. "ಆಧಾರ್ ಲಿಂಕ್ ಆಗಿದೆಯಾ ಸರ್?" ಎಂದು ಕೇಳಿದರೆ "ಆಗಿದೆ" ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. ಖಾತೆಯ ಕೆವೈಸಿಗೆ, ಅಂದರೆ ಗ್ರಾಹಕರ ಗುರುತಿನ ದಾಖಲೆಗೆ, ಆಧಾರ್ ಸೇರಿಸಿರುವುದು ಒಂದು; ಡಿಬಿಟಿಗಾಗಿ, ಅಂದರೆ ಸರ್ಕಾರದ ಹಣ ನೇರ ಖಾತೆಗೆ ಬರುವುದಕ್ಕಾಗಿ, ಮ್ಯಾಪರಿನಲ್ಲಿ ಸೀಡ್ ಮಾಡಿರುವುದು (ಜೋಡಿಸಿರುವುದು) ಇನ್ನೊಂದು. ಕೇಳಬೇಕಾದದ್ದು: "ಎನ್‌ಪಿಸಿಐ ಮ್ಯಾಪಿಂಗ್ ನಿಮ್ಮ ಬ್ಯಾಂಕಿನ ಹೆಸರಿನಲ್ಲಿ ಆಕ್ಟಿವ್ ಇದೆಯಾ? ಇದ್ದರೆ ಯಾವ ಖಾತೆಗೆ?" ಬ್ಯಾಂಕಿಗೆ ಹೋಗುವ ಮೊದಲೇ ಮನೆಯಲ್ಲಿ ನೋಡಿಕೊಳ್ಳಲೂ ಬರುತ್ತದೆ. ಮೈಆಧಾರ್ ಜಾಲತಾಣದಲ್ಲಿ ಆಧಾರ್ ಸಂಖ್ಯೆ ಮತ್ತು ಓಟಿಪಿ ಹಾಕಿ ಒಳಹೋಗಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಒತ್ತಿದರೆ ಬ್ಯಾಂಕಿನ ಹೆಸರು, ಆಕ್ಟಿವ್ ಹೌದೋ ಅಲ್ಲವೋ, ಕೊನೆಗೆ ಬದಲಾದ ದಿನಾಂಕ ಮೂರೂ ಕಾಣುತ್ತವೆ. ಆ ದಿನಾಂಕವನ್ನು ನಾನು ತಪ್ಪದೆ ಬರೆದುಕೊಳ್ಳುತ್ತೇನೆ. ಹಣ ನಿಂತ ತಿಂಗಳಿಗೂ ಆ ದಿನಾಂಕಕ್ಕೂ ತಾಳೆಯಾದರೆ ಕಾರಣ ಅಲ್ಲೇ ಸಿಕ್ಕಿತು.

ಓಟಿಪಿ ಬರಬೇಕಾದರೆ ಆಧಾರ್‌ಗೆ ಮೊಬೈಲ್ ನಂಬರ್ ಸೇರಿರಬೇಕು. ಹಿರಿಯರಲ್ಲಿ ಬಹಳ ಮಂದಿಗೆ ಅದು ಇರುವುದಿಲ್ಲ, ಇದ್ದರೂ ಎಂದೋ ಕಳೆದುಹೋದ ಸಿಮ್ಮಿನ ನಂಬರ್. ಅದಕ್ಕೇ ಆಧಾರ್ ಮೊದಲು ಎಂದದ್ದು. ಮೊಬೈಲ್ ನಂಬರ್ ಸೇರಿಸಲು ಯಾವ ದಾಖಲೆಯೂ ಬೇಡ, ಬೆರಳು ಸಾಕು. ಶುಲ್ಕ 2025ರ ಅಕ್ಟೋಬರಿನಿಂದ 75 ರೂಪಾಯಿ. ನಡೆಯಲಾಗದವರಿದ್ದರೆ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುವ ಸೌಲಭ್ಯ 2021ರಿಂದ ಇದೆ. ಮನೆಯಲ್ಲಿ ದಿನವೂ ಇರುವವರ ನಂಬರ್ ಹಾಕಿಸಿ. ಬೆಂಗಳೂರಿನಲ್ಲಿರುವ ಮಗನ ನಂಬರ್ ಹಾಕಿಸಿದರೆ ಪ್ರತಿ ಓಟಿಪಿಗೂ ಅವನ ಮೀಟಿಂಗ್ ಮುಗಿಯುವವರೆಗೆ ಆಯಿ ಕೌಂಟರ್ ಮುಂದೆ ನಿಲ್ಲಬೇಕಾಗುತ್ತದೆ.

ಹೆಸರು ತಿದ್ದಿಸುವುದಿದ್ದರೆ ಅದೂ ಈಗಲೇ ಆಗಬೇಕು. ನಮ್ಮ ಜಿಲ್ಲೆಯ ಹೆಸರಿನ ಗೊಂದಲ ಸಣ್ಣದಲ್ಲ. ಮಂಜೂರಾತಿ ಆದೇಶದಲ್ಲಿ 'ಮಾದೇವಿ ಕೋಂ ತಿಮ್ಮ ಗೌಡ', ಆಧಾರ್‌ನಲ್ಲಿ 'ಮಾದೇವಿ ತಿಮ್ಮ ಗೌಡ', ಪಾಸ್‌ಬುಕ್ಕಿನಲ್ಲಿ 'ಮಹಾದೇವಿ ಟಿ. ಗೌಡ'. ಗೌಡ ಎಂಬುದಕ್ಕೆ ಇಂಗ್ಲಿಷಿನಲ್ಲಿ ಕಚೇರಿಗೊಂದು ಕಾಗುಣಿತ. ಹೆಗಡೆ, ಭಟ್ಟರ ಕತೆಯೂ ಅದೇ. ಕಾರವಾರದ ಕಡೆ ಹಳಬರ ಶಾಲಾ ದಾಖಲೆ ಮರಾಠಿಯಲ್ಲಿದ್ದರೆ ಇನ್ನೊಂದು ರೂಪ. ಆಧಾರ್ ಮೂಲಕ ಹಣ ಹಾಕುವಾಗ ಯಂತ್ರ ಹೆಸರನ್ನು ಓದುವುದಿಲ್ಲ, ಸಂಖ್ಯೆ ಮಾತ್ರ ನೋಡುತ್ತದೆ. ಹೆಸರು ಕಾಡುವುದು ಖಾತೆಗೆ ಆಧಾರ್ ಸೇರಿಸುವಾಗ ಬ್ಯಾಂಕಿನಲ್ಲಿ, ಮತ್ತು ಮಾಸಾಶನದ ದಾಖಲೆಗೆ ಆಧಾರ್ ಹೊಂದಿಸುವಾಗ ಕಚೇರಿಯಲ್ಲಿ. ಇನಿಶಿಯಲ್ ಒಂದರ ವ್ಯತ್ಯಾಸವನ್ನು ಸಾಮಾನ್ಯವಾಗಿ ಒಪ್ಪುತ್ತಾರೆ. ಮಾದೇವಿ–ಮಹಾದೇವಿಯಂಥದ್ದನ್ನು ಬ್ಯಾಂಕಿನ ದಾಖಲೆಯಲ್ಲಿ ತಿದ್ದಿಸುವುದು ಸುಲಭ. ಆಧಾರ್ ಅನ್ನು ಮುಟ್ಟುವುದು ಕೊನೆಯ ದಾರಿ. ಅಲ್ಲಿ ಹೆಸರಿನ ಬದಲಾವಣೆಗೆ ಎರಡು ಸಲ, ಹುಟ್ಟಿದ ದಿನಾಂಕಕ್ಕೆ ಒಂದೇ ಸಲ ಅವಕಾಶ. ವಯಸ್ಸಿನ ಮೇಲೆ ನಿಂತ ಮಾಸಾಶನಕ್ಕೆ ಆ ಒಂದು ಸಲವನ್ನು ಸರಿಯಾದ ದಾಖಲೆ ಕೈಯಲ್ಲಿಲ್ಲದೆ ಬಳಸಬಾರದು.

ಇನ್ನು ಯಾವ ಖಾತೆ ಎಂಬ ಪ್ರಶ್ನೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದವರ ವ್ಯವಹಾರವೆಲ್ಲ ಊರಿನ ಸೇವಾ ಸಹಕಾರಿ ಸಂಘದಲ್ಲಿ. ಅಡಿಕೆ ಮಾರಿದ ಹಣ, ಬೆಳೆಸಾಲ, ಠೇವಣಿ ಎಲ್ಲ ಅಲ್ಲೇ. ಸಹಜವಾಗಿ ಮಾಸಾಶನಕ್ಕೂ ಸೊಸೈಟಿಯ ಪಾಸ್‌ಬುಕ್ಕನ್ನೇ ತರುತ್ತಾರೆ. ಸೊಸೈಟಿ ಬ್ಯಾಂಕಲ್ಲ, ಅದರ ಉಳಿತಾಯ ಖಾತೆ ಮ್ಯಾಪರಿನಲ್ಲಿ ಬರುವುದಿಲ್ಲ. ಬ್ಯಾಂಕಿನದೇ ಖಾತೆ ಬೇಕು.

ದೂರದ ಹಳ್ಳಿಯವರಿಗೆ ನಾನು ಹೇಳುವುದು ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಖಾತೆ. ಕನಿಷ್ಠ ಮೊತ್ತ ಇಡಬೇಕಿಲ್ಲದ ಖಾತೆ ಸಿಗುತ್ತದೆ, ದಿನದ ಕೊನೆಗೆ 2 ಲಕ್ಷದವರೆಗೆ ಉಳಿಕೆ ಇರಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಹಣ ಕೊಡಲು ಅದೇ ಪರಿಚಯದ ಪೋಸ್ಟ್‌ಮ್ಯಾನ್ ಬೆರಳಚ್ಚು ಯಂತ್ರ ಹಿಡಿದು ಬರುತ್ತಾರೆ. ಮನಿ ಆರ್ಡರಿಗೆ ಒಗ್ಗಿದವರಿಗೆ ಬದಲಾವಣೆ ಆದದ್ದೇ ಗೊತ್ತಾಗುವುದಿಲ್ಲ. ಆದರೆ ಅಂಚೆ ಕಚೇರಿಯ ಉಳಿತಾಯ ಖಾತೆ ಬೇರೆ, ಈ ಪೇಮೆಂಟ್ಸ್ ಬ್ಯಾಂಕಿನ ಖಾತೆ ಬೇರೆ. ಎರಡೂ ಒಂದೇ ಕಟ್ಟಡದಲ್ಲಿರುವುದರಿಂದ ಜನ ಒಂದರ ಪುಸ್ತಕ ಹಿಡಿದು ಇನ್ನೊಂದರ ಹಣ ಕೇಳುತ್ತಾರೆ. ಪೇಟೆಗೆ ಓಡಾಡುವವರಿಗೆ, ಈಗಾಗಲೇ ಚಾಲ್ತಿಯಲ್ಲಿರುವ ಬ್ಯಾಂಕ್ ಖಾತೆಯೇ ಒಳ್ಳೆಯದು. ಹೊಸದು ತೆರೆಯಲು ಹೋಗಬೇಡಿ.

ಹಳೆಯ ಪಾಸ್‌ಬುಕ್ಕಿದ್ದರೆ ಬ್ಯಾಂಕಿನ ಹೆಸರು ಈಗಲೂ ಅದೇ ಇದೆಯೇ ನೋಡಿ. ಕರಾವಳಿಯ ಅನೇಕ ಮನೆಗಳಲ್ಲಿ ಇನ್ನೂ ಸಿಂಡಿಕೇಟ್ ಬ್ಯಾಂಕಿನ ಪುಸ್ತಕವಿದೆ; ಅದು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿಗೆ, ಅದೇ ದಿನ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ಹಿಂದಿನ ವರ್ಷ ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿಗೆ ಸೇರಿದವು. ನಮ್ಮ ಜಿಲ್ಲೆಯ ಹಳ್ಳಿಹಳ್ಳಿಯಲ್ಲಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗ. ಅರ್ಜಿಗೆ ಹಳೆಯ ಪುಸ್ತಕದ ಜೆರಾಕ್ಸ್ ಲಗತ್ತಿಸಿದರೆ ಶಾಖೆಯ ಗುರುತಿನ ಐಎಫ್‌ಎಸ್‌ಸಿ ಸಂಕೇತ ಹಳೆಯದಾಗಿರುತ್ತದೆ. ಹೊಸ ಪಾಸ್‌ಬುಕ್ ಮಾಡಿಸಿ, ಎಂಟ್ರಿ ಹಾಕಿಸಿ, ಆಮೇಲೆ ಜೆರಾಕ್ಸ್ ತೆಗೆಯಿರಿ.

ಬ್ಯಾಂಕಿನಲ್ಲಿ ತುಂಬಬೇಕಾದದ್ದು ಡಿಬಿಟಿ ಒಪ್ಪಿಗೆ ಪತ್ರ, ಒಂದು ಪುಟ. ಅದರಲ್ಲಿ ಒಂದು ಜಾಗವನ್ನು ಎಲ್ಲರೂ ಖಾಲಿ ಬಿಡುತ್ತಾರೆ: ಈಗಾಗಲೇ ಬೇರೆ ಬ್ಯಾಂಕಿನಲ್ಲಿ ಸೀಡ್ ಆಗಿದ್ದರೆ ಆ ಬ್ಯಾಂಕಿನ ಹೆಸರು. ಇದನ್ನು ಬರೆಯದಿದ್ದರೆ ಕೋರಿಕೆ ಹೊಸದೆಂದು ಹೋಗಿ, ಆ ಆಧಾರ್ ಬೇರೆಡೆ ಸೀಡ್ ಆಗಿರುವ ಕಾರಣಕ್ಕೆ ತಿರಸ್ಕೃತವಾಗುವುದುಂಟು. ಕೌಂಟರಿನಲ್ಲಿ ಪತ್ರ ಕೊಟ್ಟ ಸ್ವೀಕೃತಿ ಇರುತ್ತದೆ, ತಿರಸ್ಕೃತವಾದ ಸುದ್ದಿ ಯಾರಿಗೂ ಬರುವುದಿಲ್ಲ. ಒಂದು ವಾರ ಬಿಟ್ಟು ಸೀಡಿಂಗ್ ಸ್ಟೇಟಸ್ ಮತ್ತೆ ನೋಡಿ. ಹೊಸ ಬ್ಯಾಂಕಿನ ಹೆಸರು ಆಕ್ಟಿವ್ ಎಂದು ಕಂಡ ಮೇಲಷ್ಟೇ ಮುಂದಿನ ಕೆಲಸ. ಖಾತೆ ಮಾಸಾಶನದಾರರ ಒಬ್ಬರ ಹೆಸರಿನಲ್ಲೇ ಇರಲಿ. ಮಗನ ಹೆಸರು ಮೊದಲಿರುವ ಜಂಟಿ ಖಾತೆಯಲ್ಲಿ ಯಾರ ಆಧಾರ್ ಸೇರಿದೆ ಎಂಬ ತಕರಾರು ಕೊನೆವರೆಗೂ ಬಗೆಹರಿಯುವುದಿಲ್ಲ.

ಕಚೇರಿಯ ಕೆಲಸ ಆಮೇಲೆ ಸಲೀಸು. ಮಂಜೂರಾತಿ ಆದೇಶ, ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟ, ರೇಷನ್ ಕಾರ್ಡ್, ಇವುಗಳ ಪ್ರತಿಯೊಂದಿಗೆ ನಾಡಕಚೇರಿಗೆ ಅರ್ಜಿ. ಆದೇಶದ ಪ್ರತಿ ಕಳೆದಿದ್ದರೆ ಗ್ರಾಮ ಆಡಳಿತಾಧಿಕಾರಿಯವರ ಬಳಿ ಇರುವ ಫಲಾನುಭವಿಗಳ ಪಟ್ಟಿಯಲ್ಲಿ ಸಂಖ್ಯೆ ನೋಡಿ ಬರೆದುಕೊಳ್ಳಬಹುದು. ಆ ಸಂಖ್ಯೆ ಇಲ್ಲದ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ.

ಯೋಜನೆಯನ್ನೇ ಬದಲಿಸುವವರಿಗೆ ಇಲ್ಲೇ ಒಂದು ಮಾತು. ಒಬ್ಬರಿಗೆ ಒಂದೇ ಮಾಸಾಶನ. ವಿಧವಾ ವೇತನ ಪಡೆಯುವವರಿಗೆ 65 ತುಂಬಿದಾಗ ಸಂಧ್ಯಾ ಸುರಕ್ಷಾಕ್ಕೆ ಹೋಗುವ ಆಸೆ ಸಹಜ, ತಿಂಗಳಿಗೆ 400 ರೂಪಾಯಿ ಹೆಚ್ಚು. ಹಳೆಯದನ್ನು ಮುಚ್ಚಿಟ್ಟು ಹೊಸ ಅರ್ಜಿ ಹಾಕಿದರೆ ಆಧಾರ್ ಸಂಖ್ಯೆಯಿಂದಲೇ ಸಿಕ್ಕಿಬೀಳುತ್ತದೆ. ಹಳೆಯದನ್ನು ತಾವಾಗಿ ರದ್ದು ಮಾಡಿಸಿಕೊಂಡು ಹೊಸದಕ್ಕೆ ಕಾಯುವುದೂ ಅಪಾಯ, ನಡುವಿನ ತಿಂಗಳು ಬರಿಗೈ. ಅದೇ ಅರ್ಜಿಯಲ್ಲಿ ಹಳೆಯ ಮಾಸಾಶನದ ಸಂಖ್ಯೆ ನಮೂದಿಸಿ, ಹೊಸದು ಮಂಜೂರಾದ ತಿಂಗಳಿನಿಂದ ಅದನ್ನು ನಿಲ್ಲಿಸಬೇಕೆಂದು ಸ್ಪಷ್ಟವಾಗಿ ಬರೆಯಿರಿ. ಮಂಜೂರು ಮಾಡುವವರೊಡನೆ ಮೊದಲೇ ಮಾತಾಡಿ. ಆಧಾರ್‌ನಲ್ಲಿ 65 ತುಂಬಿಲ್ಲದಿದ್ದರೆ ಹೋಗಲೇಬೇಡಿ.

"ದುಡ್ಡು ಬರ್ಲಿಲ್ಲ ತಮಾ" ಎಂದು ಬರುವವರಲ್ಲಿ ಬಹಳ ಜನರ ದುಡ್ಡು ವಾಸ್ತವವಾಗಿ ಬಂದಿರುತ್ತದೆ, ಬೇರೆ ಖಾತೆಗೆ. 2023ರಲ್ಲಿ ಗೃಹಲಕ್ಷ್ಮಿ ಶುರುವಾದಾಗ ಎಷ್ಟೋ ಹೆಂಗಸರು ಅದಕ್ಕೆಂದು ಹೊಸ ಖಾತೆ ತೆರೆದರು. ಹೊಸ ಬ್ಯಾಂಕು ಮ್ಯಾಪರಿನಲ್ಲಿ ಬಂತು, ಮಾಸಾಶನವೂ ಅದರ ಹಿಂದೆಯೇ ಹೋಯಿತು. ಮನೆಯವರು ಹಳೆಯ ಪುಸ್ತಕ ಎಂಟ್ರಿ ಹಾಕಿಸುತ್ತಲೇ ಇರುತ್ತಾರೆ. ಮೊಬೈಲ್ ಅಂಗಡಿಯಲ್ಲಿ ಬೆರಳು ಕೊಟ್ಟಾಗ ತೆರೆದುಕೊಂಡ ಪೇಮೆಂಟ್ಸ್ ಬ್ಯಾಂಕ್ ಖಾತೆಯೂ ಹೀಗೇ ಕಾಡುತ್ತದೆ. ಡಿಬಿಟಿ ಕರ್ನಾಟಕ ಎಂಬ ಆ್ಯಪ್‌ನಲ್ಲಿ ಆಧಾರ್ ಓಟಿಪಿ ಹಾಕಿ ನೋಡಿದರೆ ಯಾವ ಯೋಜನೆಯ ಎಷ್ಟು ಹಣ ಯಾವ ದಿನ ಯಾವ ಬ್ಯಾಂಕಿಗೆ ಹೋಗಿದೆ ಎಂದು ಸಿಗುತ್ತದೆ. ಕಚೇರಿಗೆ ದೂರುವ ಮೊದಲು ಇದನ್ನು ನೋಡಿ.

ನಿಜವಾಗಿ ಮರಳಿ ಹೋದ ಹಣಕ್ಕೆ ಕಾರಣ ಹೆಚ್ಚಾಗಿ ಖಾತೆಯ ಸ್ಥಿತಿ. ಕೆವೈಸಿ ನವೀಕರಿಸದೆ ತಡೆದ ಖಾತೆ, ವಹಿವಾಟಿಲ್ಲದೆ ನಿಷ್ಕ್ರಿಯವಾದ ಖಾತೆ, ಅಥವಾ ಪೂರ್ತಿ ದಾಖಲೆಯಿಲ್ಲದೆ ತೆರೆದ 'ಸಣ್ಣ ಖಾತೆ'. ಸಣ್ಣ ಖಾತೆಯಲ್ಲಿ ಉಳಿಕೆ 50,000 ದಾಟುವಂತಿಲ್ಲ, ವರ್ಷದ ಒಟ್ಟು ಜಮಾ 1 ಲಕ್ಷ ಮೀರುವಂತಿಲ್ಲ. ಸರ್ಕಾರದ ಸಹಾಯಧನ ಜಮಾ ಮಾಡುವಾಗ 50,000ದ ಮಿತಿಯನ್ನು ಲೆಕ್ಕಿಸಬಾರದೆಂಬ ನಿಯಮವಿದೆ, ಆದರೂ ತಮ್ಮ ಅಂತ್ಯಕ್ರಿಯೆಗೆಂದು ಹಣ ಮುಟ್ಟದೆ ಕೂಡಿಡುವ ಅಜ್ಜಿಯರ ಖಾತೆ ಈ ಮಿತಿಗಳಲ್ಲಿ ಸಿಕ್ಕಿಕೊಳ್ಳುವುದುಂಟು. ಬ್ಯಾಂಕಿನಲ್ಲಿ ಪೂರ್ಣ ಕೆವೈಸಿ ಕೊಟ್ಟರೆ ಮಿತಿ ಹೋಗುತ್ತದೆ.

ಹಣ ಬಂದ ಮೇಲೂ ತೆಗೆಯುವ ಹಂತದಲ್ಲಿ ಬೆರಳು ಕೈಕೊಡುತ್ತದೆ. ಶಿರಸಿ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿ ಮುಂದೆ ಕೂತವರ ಹೆಬ್ಬೆರಳು, ತೋರುಬೆರಳಿನ ತುದಿ ಅಡಿಕೆಯ ಕರೆ ಹತ್ತಿ ಕಪ್ಪಾಗಿ, ಸೀಳುಬಿಟ್ಟು ಒರಟಾಗಿರುತ್ತದೆ, ಗೆರೆಯೇ ಕಾಣದು. ಅಘನಾಶಿನಿ ಅಳಿವೆಯಲ್ಲಿ ಬಳಚು ಎಂಬ ಚಿಪ್ಪಿಮೀನು ಹೆಕ್ಕುವವರದು ಉಪ್ಪುನೀರಿನಲ್ಲಿ ನೆನೆದು ನುಣುಪು. ಯಂತ್ರ ಹೆಬ್ಬೆರಳನ್ನೇ ಕೇಳುವುದಿಲ್ಲ, ಹತ್ತರಲ್ಲಿ ಯಾವುದೂ ಆಗುತ್ತದೆ. ದುಡಿಯದ ಕೈಯ ಉಂಗುರಬೆರಳು ಅಥವಾ ಮಧ್ಯದ ಬೆರಳು ಇಟ್ಟು ನೋಡಿ. ಒಣಗಿದ ಬೆರಳಾದರೆ ಒದ್ದೆ ಬಟ್ಟೆಗೆ ಒತ್ತಿ, ಒದ್ದೆಯಿದ್ದರೆ ಒರೆಸಿ. ಯಂತ್ರದ ಗಾಜನ್ನೂ ಒರೆಸಿ. ಯಾವ ಬೆರಳು ಒಪ್ಪಿತೋ ಅದನ್ನು ಪಾಸ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ಬರೆದಿಡಿ. ಯಾವುದೂ ಒಪ್ಪದಿದ್ದರೆ ಆಧಾರ್ ಕೇಂದ್ರದಲ್ಲಿ ಬಯೊಮೆಟ್ರಿಕ್ ನವೀಕರಣಕ್ಕೆ 125 ರೂಪಾಯಿ. ಸುಲಿಗೆ ಮುಗಿದು ಕೈ ಮೆತ್ತಗಾದ ಮೇಲೆ ಮಾಡಿಸಿದರೆ ಗೆರೆ ಚೆನ್ನಾಗಿ ಮೂಡುತ್ತದೆ.

ಹೊಸ ಖಾತೆಗೆ ಕಡಿಮೆಯೆಂದರೆ ಎರಡು ಕಂತು ಬಂದದ್ದು ಪಾಸ್‌ಬುಕ್ಕಿನಲ್ಲಿ ಅಚ್ಚಾಗುವವರೆಗೆ ಹಳೆಯ ಖಾತೆಯನ್ನು ಮುಚ್ಚಬೇಡಿ. ತಪ್ಪಿದ ಕಂತುಗಳಿಗೆ ಪ್ರತ್ಯೇಕ ಅರ್ಜಿ ಕೊಡಿ, ತಾನಾಗಿ ಬರುತ್ತದೆಂದು ಕೂರಬೇಡಿ. 'ಕೆಲವು ತಿಂಗಳ ಹಣ ಬಂದಿಲ್ಲ' ಎಂದು ಬರೆದರೆ ಪ್ರಯೋಜನವಿಲ್ಲ. ಯಾವ ಯಾವ ತಿಂಗಳು, ಯಾವ ಮೊತ್ತ, ಆಗ ಸೀಡಿಂಗ್ ಯಾವ ಬ್ಯಾಂಕಿನಲ್ಲಿತ್ತು, ಈಗ ಯಾವುದರಲ್ಲಿ ಯಾವ ದಿನಾಂಕದಿಂದ ಆಕ್ಟಿವ್, ಇಷ್ಟನ್ನು ಬರೆದು, ಎರಡೂ ಪಾಸ್‌ಬುಕ್ಕಿನ ಆ ತಿಂಗಳುಗಳ ಪುಟಗಳ ಪ್ರತಿ ಲಗತ್ತಿಸಿ, ತಾಲೂಕು ಕಚೇರಿಯ ಆವಕ (ಅರ್ಜಿ ಸ್ವೀಕರಿಸುವ) ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ.