ಮಳೆಯ ಊರಿನಲ್ಲಿ ಜಿಮ್ ನಡೆಸಿದ ನನ್ನ ಅನುಭವ

ತೀರ್ಥಹಳ್ಳಿಯಲ್ಲಿ ಜಿಮ್ ಆರಂಭಿಸಿದಾಗ ಕೈಯಲ್ಲಿದ್ದ ಹಣದ ಮುಕ್ಕಾಲು ಪಾಲನ್ನು ನಾನು ಯಂತ್ರಗಳಿಗೇ ಹಾಕಿದ್ದೆ. ಎರಡು ಟ್ರೆಡ್‌ಮಿಲ್, ಕೇಬಲ್ ಎಳೆಯುವ ಯಂತ್ರ, ಕಾಲಿನಿಂದ ಭಾರ ತಳ್ಳುವ ಲೆಗ್ ಪ್ರೆಸ್, ಗೋಡೆಯುದ್ದಕ್ಕೂ ಕನ್ನಡಿ ಎಲ್ಲವೂ ಇದ್ದವು. ಶಿವಮೊಗ್ಗದ ದೊಡ್ಡ ಜಿಮ್‌ಗಳನ್ನು ಸುತ್ತಾಡಿ ನೋಡಿ ಬಂದಿದ್ದ ನಾನು, ಜನ ಬರುವುದು ಯಂತ್ರಗಳಿಗಾಗಿಯೇ ಎಂದು ನಂಬಿದ್ದೆ. ಜನರೇನೋ ಬಂದರು. ಆದರೆ ಮೂರು ತಿಂಗಳ ಶುಲ್ಕವನ್ನು ಒಟ್ಟಿಗೆ ಕಟ್ಟಿದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಆರನೆಯ ವಾರದೊಳಗೆ ಬರುವುದನ್ನು ನಿಲ್ಲಿಸಿದರು.

ಕಾರಣ ತಿಳಿದದ್ದು ಆ ವರ್ಷದ ಮಳೆಗಾಲದಲ್ಲಿ. ಆರಿದ್ರಾ ಮಳೆ ಹಿಡಿದ ಮೇಲೆ ನಮ್ಮಲ್ಲಿ ಗೋಡೆಯೂ ಬೆವರುತ್ತದೆ. ಬೆಂಚಿನ ಹೊದಿಕೆಯ ಮೇಲೆ ಬೂಷ್ಟು ಬಂತು. ಕಬ್ಬಿಣದ ರಾಡಿನ ಹಿಡಿಕೆಯಲ್ಲಿ ಕೈ ಜಾರದಿರಲೆಂದು ಕೊರೆದಿರುವ ಸಣ್ಣ ಗೀರುಗಳೊಳಗೆ ವಾರ ಕಳೆಯುವುದರೊಳಗೆ ಕಿತ್ತಳೆ ಬಣ್ಣದ ತುಕ್ಕು ಕುಳಿತಿತು. ಕರೆಂಟ್ ಹೋದ ದಿನಗಳಲ್ಲಿ ಟ್ರೆಡ್‌ಮಿಲ್‌ಗಳು ಸುಮ್ಮನೆ ನಿಂತಿರುತ್ತಿದ್ದವು. ಹೀಗಾಗಿ ಬಂದವರನ್ನೆಲ್ಲ ಇದ್ದ ಒಂದೇ ರಾಡಿನ ಸುತ್ತ ನಿಲ್ಲಿಸಿಕೊಂಡು, ಒಬ್ಬೊಬ್ಬರಿಗೂ ನಾನೇ ಹೇಳಿಕೊಡಬೇಕಾಯಿತು. ಆ ಮಳೆಗಾಲದಲ್ಲಿ ಸೇರಿದವರು ಮಾತ್ರ ಬಿಟ್ಟುಹೋಗಲಿಲ್ಲ.

ಅದೇ ದಿನಗಳಲ್ಲಿ ನಮ್ಮ ತಂದೆಯವರ ಸ್ನೇಹಿತರೊಬ್ಬರು ಜಿಮ್‌ಗೆ ಬಂದಿದ್ದರು. ಅವರು ಯೌವನದಲ್ಲಿ ಶಿವಮೊಗ್ಗದ ಗರಡಿಮನೆಯೊಂದರಲ್ಲಿ ಸಾಮು ಮಾಡಿ, ಜಾತ್ರೆಯ ಕುಸ್ತಿಗಳಲ್ಲಿ ಸೆಣಸಿದವರು. ಹೆಗಲ ಮೇಲೆ ರಾಡ್ ಹೊತ್ತು ಸ್ಕ್ವಾಟ್ ಮಾಡುತ್ತಿದ್ದ ಹುಡುಗನನ್ನು ಸ್ವಲ್ಪ ಹೊತ್ತು ನೋಡಿ, "ತಮ್ಮಾ, ಮಂಡಿ ಒಳಗೆ ವಾಲ್ತಾ ಇದೆ. ಕಾಲಿನ ಬೆರಳು ಯಾವ ಕಡೆಗಿದೆಯೋ ಮಂಡಿನೂ ಆ ಕಡೆಗೇ ಹೋಗ್ಬೇಕು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಗರಡೀಲಿ ಒಬ್ಬ ಬಸ್ಕಿ ಹೊಡೆಯುವಾಗ ಇನ್ನೊಬ್ಬ ನೋಡ್ತಾ ನಿಂತಿರ್ತಿದ್ದ ಮಾರಾಯ. ಇಲ್ಲಿ ಎಲ್ಲರೂ ಕನ್ನಡೀನೇ ನೋಡ್ತಾರಲ್ಲ" ಎಂದರು.

ಅವರ ಮಾತು ಮನಸ್ಸಿನಲ್ಲಿ ಉಳಿದು, ಜಿಮ್ ಎಂಬುದು ಹೇಗೆ ಬೆಳೆದು ಬಂತೆಂದು ಓದತೊಡಗಿದೆ. ನಮ್ಮ ಜಿಲ್ಲೆಯ ಬಳ್ಳಿಗಾವಿಯನ್ನೂ ಆಳುತ್ತಿದ್ದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಕಾಳಗಕ್ಕೆಂದೇ ಒಂದು ಭಾಗವಿದೆ. ಯೂರೋಪಿನಲ್ಲಿ ಫ್ರೀಡ್ರಿಕ್ ಯಾನ್ 1811ರಲ್ಲಿ ಬರ್ಲಿನ್ನಿನ ಬಯಲಿನಲ್ಲಿ ತೆರೆದ ವ್ಯಾಯಾಮದ ಕಣವೂ, ಯೂಜೀನ್ ಸ್ಯಾಂಡೋ 1897ರಲ್ಲಿ ಲಂಡನ್ನಿನಲ್ಲಿ ತೆರೆದ ದೇಹದಾರ್ಢ್ಯ ಸಂಸ್ಥೆಯೂ ಕಲಿಸುವವರನ್ನು ನಂಬಿ ನಡೆದಂಥವು. ಕನ್ನಡದ ಓದುಗರು ಕಾದಂಬರಿಕಾರರೆಂದು ಬಲ್ಲ ಕೆ.ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿ, ನಮ್ಮ ಗರಡಿಯ ಸಾಮನ್ನೂ ಪಶ್ಚಿಮದ ಭಾರ ಎತ್ತುವ ಕ್ರಮವನ್ನೂ ಬಲ್ಲ ಗುರುಗಳಾಗಿದ್ದರು. ಕರ್ನಾಟಕದ ಜಿಮ್‌ಗಳ ಇತಿಹಾಸ ಬರೆಯುವವರು ಅವರಿಂದಲೇ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ. ಯಂತ್ರಗಳೂ ಹಳೆಯವೇ: ಸ್ವೀಡನ್ನಿನ ವೈದ್ಯ ಗುಸ್ತಾವ್ ಸಾಂಡರ್ 19ನೆಯ ಶತಮಾನದಲ್ಲಿಯೇ ಅವುಗಳನ್ನು ಚಿಕಿತ್ಸೆಗಾಗಿ ರೂಪಿಸಿದ್ದರು. ಆದರೆ 1970ರಲ್ಲಿ ಅಮೆರಿಕದ ಆರ್ಥರ್ ಜೋನ್ಸ್ ಅವರ ನಾಟಿಲಸ್ ಯಂತ್ರಗಳು ಬಂದ ಮೇಲೆ ಜಿಮ್‌ನ ಸ್ವರೂಪವೇ ಬದಲಾಯಿತು. ಕೈಕಾಲು ಚಲಿಸುವ ದಾರಿಯನ್ನು ಯಂತ್ರವೇ ಗೊತ್ತುಮಾಡುವುದರಿಂದ, ಹೊಸಬರು ಕುಳಿತು ತಳ್ಳಿದರೆ ಸಾಕಾಯಿತು. ಪಕ್ಕದಲ್ಲಿ ನಿಂತು ನೋಡುವವನ ಕೆಲಸ ಕಡಿಮೆಯಾಯಿತು. ನಾನು ಹಣ ಸುರಿದದ್ದೂ ಅದಕ್ಕೇ.

ಲೆಗ್ ಪ್ರೆಸ್ಸನ್ನೂ ಒಂದು ಟ್ರೆಡ್‌ಮಿಲ್ಲನ್ನೂ ಮಾರಿ, ಆ ಹಣದಲ್ಲಿ 20 ಕಿಲೋ ತೂಕದ ಎರಡು ರಾಡು, ಹೆಂಗಸರಿಗೆ ಅನುಕೂಲವಾದ 15 ಕಿಲೋ ತೂಕದ ಒಂದು ರಾಡು, ರಾಡಿಗೆ ಹಾಕುವ ಭಾರದ ಪ್ಲೇಟುಗಳು ಮತ್ತು ನೆಲಕ್ಕೆ ದಪ್ಪ ರಬ್ಬರ್ ಹಾಸು ತಂದೆ. ಒಂದು ತಂಡಕ್ಕೆ ಎಂಟು ಜನರಿಗಿಂತ ಹೆಚ್ಚು ಸೇರಿಸಿಕೊಳ್ಳುವುದಿಲ್ಲ. ಮೊದಲ ಎರಡು ವಾರ ಭಾರವೇ ಇಲ್ಲ, ಬಿದಿರಿನ ಕೋಲು ಮಾತ್ರ. ಕೋಲನ್ನು ಬೆನ್ನಿಗೆ ಉದ್ದಕ್ಕೆ ಹಿಡಿದು ಸೊಂಟದಿಂದ ಬಾಗುವಾಗ ಅದು ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ ಮತ್ತು ಬಾಲದ ಮೂಳೆ ಈ ಮೂರು ಕಡೆಯೂ ತಾಗಿಕೊಂಡೇ ಇರಬೇಕು. ಒಂದು ಕಡೆ ಬಿಟ್ಟರೂ ಬೆನ್ನೋ ಕತ್ತೋ ನೇರವಾಗಿಲ್ಲ ಎಂದೇ ಅರ್ಥ. ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರು ಬಾಗುವಾಗ ಇನ್ನೊಬ್ಬರು ನೋಡಿ ಹೇಳಬೇಕೆಂಬ ನಿಯಮ ಮಾಡಿದ್ದೇನೆ.

ತುಕ್ಕಿಗೆ ದಿನವೂ ಗಮನ ಕೊಡದೆ ಬೇರೆ ದಾರಿಯಿಲ್ಲ. ತೇವದ ಜೊತೆಗೆ ಬೆವರಿನ ಉಪ್ಪೂ ಅದಕ್ಕೆ ಕಾರಣವಾದ್ದರಿಂದ ರಾತ್ರಿ ಬಾಗಿಲು ಹಾಕುವ ಮೊದಲು ರಾಡುಗಳನ್ನು ಒಣಬಟ್ಟೆಯಿಂದ ಒರೆಸುತ್ತೇನೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಗೀರುಗಳನ್ನು ನೈಲಾನ್ ಬ್ರಷ್ಷಿನಿಂದ ಉಜ್ಜಿ, ಹೊಲಿಗೆ ಯಂತ್ರಕ್ಕೆ ಬಿಡುವ ತೆಳು ಎಣ್ಣೆಯನ್ನು ಸವರಿ, ಅರ್ಧ ಗಂಟೆಯ ಬಳಿಕ ಒರೆಸಿ ತೆಗೆಯಬೇಕು.

ಮಲೆನಾಡಿನಲ್ಲಿ ಜಿಮ್ ಏಕೆ ಎಂದು ಕೇಳುವವರು ಈಗ ಕಡಿಮೆಯಾಗಿದ್ದಾರೆ. ಟಿಲ್ಲರ್ ಬಂದಿದೆ, ಕಾರ್ಬನ್ ಫೈಬರ್ ದೋಟಿಯಿಂದಾಗಿ ಅಡಿಕೆಗೊನೆಯನ್ನು ನೆಲದ ಮೇಲೆ ನಿಂತೇ ಇಳಿಸಬಹುದಾಗಿದೆ, ತೋಟಕ್ಕೆ ಹೋಗಲೂ ಬೈಕಿದೆ. ಮರವೇರುವ ಕಷ್ಟ ತಪ್ಪಿದ್ದು ಒಳ್ಳೆಯದೇ, ಅದರಲ್ಲಿ ಜೀವ ಕಳೆದುಕೊಂಡವರನ್ನು ನಾನು ಬಲ್ಲೆ. ಆದರೆ ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆಯನ್ನೂ, ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವನ್ನೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದರಲ್ಲಿ, ಈ ಎರಡನೆಯದು ನಮ್ಮವರ ದಿನಚರಿಯಿಂದ ಸದ್ದಿಲ್ಲದೆ ಜಾರಿಹೋಗಿದೆ. ಕೊಯ್ಲಿನ ತಿಂಗಳುಗಳಲ್ಲಿ ಬರಲಾಗದವರ ಶುಲ್ಕವನ್ನು ನಾನು ಮುಂದಕ್ಕೆ ಹಾಕುತ್ತೇನೆ. ಪ್ರೋಟೀನ್ ಪುಡಿ ಮಾರುವುದಿಲ್ಲ. ಕೇಳುವ ಹುಡುಗರಿಗೆ ಮೊದಲು ಮನೆಯಲ್ಲಿ ಮೊಟ್ಟೆ, ಹುರುಳಿ, ಮೊಸರನ್ನು ಸರಿಯಾಗಿ ತಿನ್ನಿ ಎನ್ನುತ್ತೇನೆ.

ಬೆಳಿಗ್ಗೆ ಹನ್ನೊಂದರ ತಂಡ ಹೆಂಗಸರದು. ಅದರಲ್ಲಿ ಅರುವತ್ತರ ಹತ್ತಿರದ ಅಮ್ಮ ಒಬ್ಬರಿದ್ದಾರೆ. ಮಂಡಿನೋವಿಗೆ ವೈದ್ಯರನ್ನು ಕಂಡು, ಅವರ ಒಪ್ಪಿಗೆ ಪಡೆದೇ ಸೇರಿದವರು. ಮೊದಲ ತಿಂಗಳು ಕುರ್ಚಿಯಿಂದ ಕೈಯೂರದೆ ಏಳುವುದೊಂದೇ ಅವರ ಅಭ್ಯಾಸವಾಗಿತ್ತು. ಎಂಟನೆಯ ತಿಂಗಳಲ್ಲಿ ಅವರು ನೆಲದಿಂದ 30 ಕಿಲೋ ಎತ್ತಿದರು. ಅದು ತುಂಬಿದ ಗ್ಯಾಸ್ ಸಿಲಿಂಡರಿನ ತೂಕ ಎಂದು ನಾನು ಹೇಳಿದಾಗ, "ಹಾಗಾದ್ರೆ ಇನ್ನು ಪಕ್ಕದ ಮನೆ ಹುಡುಗನ್ನ ಕರೆಯೋದು ಬೇಡ" ಎಂದರು. ಈಗ ಹೊಸದಾಗಿ ಸೇರುವ ಹೆಂಗಸರ ಬೆನ್ನಿಗೆ ಬಿದಿರಿನ ಕೋಲು ಹಿಡಿದು, ಮೂರು ಕಡೆಯೂ ತಾಗಿದೆಯೇ ಎಂದು ನೋಡುವವರು ಅವರೇ.