ಹಳೆಯ ಮೊಬೈಲ್ ನಂಬರೇ ಪಾಸ್‌ವರ್ಡ್ ಆಗಿದ್ದಾಗ

ಸಾಗರದ ಸಮೀಪದ ಸಹಕಾರ ಸಂಘವೊಂದು ನನ್ನನ್ನು ಕರೆಸಿದ್ದು ಭದ್ರತೆಯ ಚಿಂತೆಯಿಂದಲ್ಲ, ಒಳಕೋಣೆಯ ಕಂಪ್ಯೂಟರಿಗೆ ವೈ-ಫೈ ಸಿಗುತ್ತಿಲ್ಲ ಎಂಬ ಕಾರಣಕ್ಕೆ. ದಪ್ಪನೆಯ ಜಂಬಿಟ್ಟಿಗೆ ಗೋಡೆಯ ಹಳೆಯ ಕಟ್ಟಡ. ರೌಟರ್ ಇದ್ದದ್ದು ಕಬ್ಬಿಣದ ಬೀರುವಿನ ಹಿಂದೆ. 5 ಗಿಗಾಹರ್ಟ್ಸ್ ತರಂಗ ಇಂಥ ಗೋಡೆಯಲ್ಲಿ ಬೇಗ ಕುಗ್ಗುತ್ತದೆ, 2.4 ಗಿಗಾಹರ್ಟ್ಸ್ ತುಸು ಹೆಚ್ಚು ದೂರ ನುಗ್ಗುತ್ತದೆ. ರೌಟರನ್ನು ಬಾಗಿಲಿನ ನೇರಕ್ಕೆ ಎತ್ತರದಲ್ಲಿ ಕೂರಿಸಿ, ಪಕ್ಕದ ಅಂಗಡಿಯವರು ಬಳಸುತ್ತಿದ್ದ 6ನೇ ಚಾನೆಲ್ ಬಿಟ್ಟು 11ಕ್ಕೆ ಬದಲಿಸಿದೆ. ಅಲ್ಲಿಗೆ ದೂರು ಮುಗಿಯಿತು.

ಪಾಸ್‌ವರ್ಡ್ ಕೇಳಿದಾಗ ಕಾರ್ಯದರ್ಶಿಯವರು ನಕ್ಕರು. "ನನ್ನ ಹಳೆಯ ಮೊಬೈಲ್ ನಂಬರ್. ಬಿಟ್ಟು ಹತ್ತು ವರ್ಷವಾಯಿತು, ಯಾರಿಗೆ ಗೊತ್ತಿರುತ್ತದೆ ಮಾರಾಯ್ರೆ?" ನಂಬರನ್ನು ನನಗೆ ಹೇಳಬೇಡಿ, ಹುಡುಕಲು ಅನುಮತಿ ಕೊಡಿ ಎಂದೆ. ಒಪ್ಪಿದರು.

ಅವರ ರೌಟರಿನಲ್ಲಿದ್ದ, ವೈ-ಫೈಗೆ ಬೀಗ ಹಾಕುವ ಡಬ್ಲ್ಯೂಪಿಎ2 ಎಂಬ ಪದ್ಧತಿಯಲ್ಲಿ ಪಾಸ್‌ವರ್ಡ್ ಎಂದೂ ಗಾಳಿಯಲ್ಲಿ ಹಾಯುವುದಿಲ್ಲ. ಫೋನು ಮತ್ತು ರೌಟರ್ ತಮ್ಮತಮ್ಮಲ್ಲೇ ಪಾಸ್‌ವರ್ಡನ್ನು ನೆಟ್‌ವರ್ಕಿನ ಹೆಸರಿನೊಂದಿಗೆ ಗಣಿತದ ಲೆಕ್ಕದಲ್ಲಿ 4096 ಸುತ್ತು ಅರೆದು 256 ಬಿಟ್‌ಗಳ ಕೀಲಿ ಮಾಡಿಕೊಳ್ಳುತ್ತವೆ. ಬಳಿಕ ನಾಲ್ಕು ಸಂದೇಶಗಳಲ್ಲಿ ಯಾದೃಚ್ಛಿಕ ಸಂಖ್ಯೆಗಳನ್ನು ಬದಲಾಯಿಸಿಕೊಂಡು, ಕೀಲಿ ತಮ್ಮ ಬಳಿ ಇದೆ ಎಂಬುದಕ್ಕೆ ಪುರಾವೆ ತೋರಿಸುತ್ತವೆ. ತೊಡಕಿರುವುದು ಆ ಪುರಾವೆಯಲ್ಲೇ. ಅವರ ಫೋನಿನ ವೈ-ಫೈ ಒಮ್ಮೆ ಆರಿಸಿ ಹಚ್ಚಿಸಿ ಆ ನಾಲ್ಕು ಸಂದೇಶಗಳನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಹಿಡಿದುಕೊಂಡೆ. ಮನೆಗೆ ಹೋದ ಮೇಲೆ ಒಂದೊಂದೇ ಊಹೆಯನ್ನು ಅದೇ ರೀತಿ ಅರೆದು ಪುರಾವೆಗೆ ಹೋಲಿಸುತ್ತ ಹೋದರೆ ಸಾಕು. ರೌಟರಿಗೆ ಅದರ ಸುಳಿವೂ ಇರುವುದಿಲ್ಲ, ತಪ್ಪು ಪ್ರಯತ್ನಗಳನ್ನು ಎಣಿಸುವವರೂ ಇಲ್ಲ. ಮೊಬೈಲ್ ನಂಬರುಗಳು 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುವುದರಿಂದ ಇರುವ ಸಾಧ್ಯತೆ 400 ಕೋಟಿ ಮಾತ್ರ, ಒಳ್ಳೆಯ ಗ್ರಾಫಿಕ್ಸ್ ಕಾರ್ಡು ಸೆಕೆಂಡಿಗೆ ಲಕ್ಷಗಟ್ಟಲೆ ಊಹೆಗಳನ್ನು ಪರೀಕ್ಷಿಸುತ್ತದೆ. ಸಂಜೆ ಹಚ್ಚಿದ ಲೆಕ್ಕ ಊಟ ಮುಗಿಸಿ ಬರುವಷ್ಟರಲ್ಲಿ ಮುಗಿದಿತ್ತು.

ಮರುದಿನ ಆ ಹತ್ತು ಅಂಕಿಗಳನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲಿಟ್ಟಾಗ ಅವರು ಮಾತಾಡಲಿಲ್ಲ.

ರೌಟರನ್ನು 2018ರಲ್ಲಿ ಬಂದ ಮುಂದಿನ ಪದ್ಧತಿಯಾದ ಡಬ್ಲ್ಯೂಪಿಎ3ಗೆ ಬದಲಿಸಿದೆ. ಇದರಲ್ಲಿ ಒಂದೊಂದು ಊಹೆಗೂ ರೌಟರಿನ ಜೊತೆಗೇ ಮಾತಾಡಬೇಕಾದ್ದರಿಂದ ಮನೆಯಲ್ಲಿ ಕೂತು ಹುಡುಕುವ ದಾರಿ ಮುಚ್ಚುತ್ತದೆ. ಆದರೆ ಹಳೆಯ ಪ್ರಿಂಟರಿಗೆ ಡಬ್ಲ್ಯೂಪಿಎ2 ಬಿಟ್ಟು ಬೇರೇನೂ ತಿಳಿಯದು. ಅದೊಂದಕ್ಕಾಗಿ ಎರಡೂ ಪದ್ಧತಿಗಳನ್ನು ತೆರೆದಿಟ್ಟರೆ ಹಳೆಯ ಕಿಂಡಿ ಹಾಗೇ ಉಳಿಯುತ್ತದೆ, ಹಾಗಾಗಿ ಪ್ರಿಂಟರಿಗೆ ಕೇಬಲ್ಲನ್ನೇ ಎಳೆದೆ. ಗುಂಡಿ ಒತ್ತಿ ಜೋಡಿಸುವ ಡಬ್ಲ್ಯೂಪಿಎಸ್ ಸೌಲಭ್ಯವನ್ನು ನಿಲ್ಲಿಸಿದೆ, ಸದಸ್ಯರ ಫೋನುಗಳಿಗೆ ಅತಿಥಿ ನೆಟ್‌ವರ್ಕನ್ನು ಬೇರೆ ಮಾಡಿದೆ. ನೆಟ್‌ವರ್ಕಿನ ಹೆಸರನ್ನು ಮರೆಮಾಡೋಣವೇ ಎಂದು ಗುಮಾಸ್ತರು ಕೇಳಿದರು. ಜೋಡಣೆಯಾಗುವಾಗ ಫೋನೇ ಆ ಹೆಸರನ್ನು ಬಹಿರಂಗವಾಗಿ ಹೇಳುವುದರಿಂದ ನಾನು ಆ ಗೊಡವೆಗೆ ಹೋಗುವುದಿಲ್ಲ.

ಒಂದಕ್ಕೊಂದು ಸಂಬಂಧವಿಲ್ಲದ ಐದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೂಡಿಸಿ ಹೊಸ ಪಾಸ್‌ವರ್ಡ್ ಮಾಡಿದೆವು. ಕಾರ್ಯದರ್ಶಿಯವರು ಅದನ್ನು ಬರೆದು ತಿಜೋರಿಯೊಳಗೆ ಇಟ್ಟರು. ನಾನು ಬೇಡವೆನ್ನಲಿಲ್ಲ.